ನೀರು ಕೇಳದ ಹುಲ್ಲು

ಮ್ಯಾನೇಜರ್ರು ತೀರಿಕೊಂಡ ಮೇಲೆ ನಮ್ಮ ಓಣಿಯವರು ಅವರಿಗಾಗಿ ಒಂದು ಸಣ್ಣ ಸಭೆ ಇಟ್ಟುಕೊಂಡಿದ್ದರು. ಫೋಟೋಕ್ಕೆ ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಮಾತಾಡಲು ಮೊದಲು ನನ್ನನ್ನೇ ಕರೆದರು. ನಾನು ಪಕ್ಕದ ಮನೆಯವಳು, ಅವರ ಬಾಯಲ್ಲಿ ಸದಾ ‘ತಂಗಿ’ ಅನ್ನಿಸಿಕೊಂಡವಳು. ಅದೂ ಅಲ್ಲದೆ ಕುಮಟೆಯ ಶಾಲೆಯಲ್ಲಿ ಹಿಂದಿ ಕಲಿಸುವ ಅಕ್ಕೋರು, ನಾಲ್ಕು ಜನರ ಎದುರು ನಿಂತು ಮಾತಾಡಿ ಅಭ್ಯಾಸವಿದೆ ಎಂದು ಅವರ ಎಣಿಕೆ. ಎದ್ದು ನಿಂತು, ಹುಲ್ಲು ಬೆಳೆಸುವುದನ್ನು ನನಗೆ ಅವರೇ ಕಲಿಸಿದರು ಎಂದೆ. ಮುಂದೆ ಮಾತು ಬರಲಿಲ್ಲ. ದುಃಖ ಉಮ್ಮಳಿಸಿರಬೇಕು ಎಂದುಕೊಂಡು ಯಾರೋ ನೀರಿನ ಲೋಟ ಕೈಗಿಟ್ಟರು. ಕುಡಿದು ಕೂತುಬಿಟ್ಟೆ.

ಆಮೇಲೆ ಮಾತಾಡಿದವರೆಲ್ಲ ಅವರ ತಾಳ್ಮೆ, ನ್ಯಾಯ, ಮನೆಯೆದುರಿನ ಲಾನ್ ಬಗ್ಗೆ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿದೆ. ಅವರು ಹೇಳಿದ್ದರಲ್ಲಿ ಸುಳ್ಳು ಎನ್ನಬಹುದಾದದ್ದು ಹೆಚ್ಚೇನೂ ಇರಲಿಲ್ಲ. ಅದೇ ನನಗೆ ಕಷ್ಟ.

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಭಟ್ಕಳದ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಬಹಳ ಕಾಲ ಮ್ಯಾನೇಜರ್ ಆಗಿದ್ದು, ನಿವೃತ್ತಿಯಾದ ಮೇಲೆ ಹೊನ್ನಾವರದ ನಮ್ಮ ಓಣಿಗೆ ಮನೆ ಕಟ್ಟಿಕೊಂಡು ಬಂದರು. ಶರಾವತಿ ಸಮುದ್ರಕ್ಕೆ ಸೇರುವ ದಿಕ್ಕಿನಲ್ಲಿದೆ ನಮ್ಮ ಓಣಿ. ಬರಿ ಮರಳು ನೆಲ. ಬಂದ ದಿನದಿಂದ ಎಲ್ಲರಿಗೂ ಅವರು ಮ್ಯಾನೇಜರ್ರು. ನಾನು ಮಾತ್ರ ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದೆ. ಎತ್ತರದ ಆಳು, ಮಡಚಿ ಕಟ್ಟಿದ ಬಿಳಿ ಲುಂಗಿ, ಹೆಗಲ ಮೇಲೊಂದು ಪಂಚೆ. ಮಾತು ಬಹಳ ನಿಧಾನ. ಓಣಿಯಲ್ಲಿ ಯಾರಾದರೂ ಜಗಳ ತೆಗೆದುಕೊಂಡು ಬಂದರೆ ಮೊದಲು ಕುರ್ಚಿ ಎಳೆದು ಕೂರಿಸುತ್ತಿದ್ದರು. ಕೂತವನ ಸಿಟ್ಟು ಅರ್ಧ ಅಲ್ಲೇ ಇಳಿಯುತ್ತದೆ, ಉಳಿದರ್ಧಕ್ಕೆ ಚಾ ಕೊಟ್ಟರಾಯಿತು ಎನ್ನುತ್ತಿದ್ದರು. ಅತ್ತಿಗೆ ಒಳಗಿನಿಂದ ಚಾ ತಂದಿಟ್ಟು ಹೋಗುತ್ತಿದ್ದರು. ಅವರು ಮಾತಾಡಿದ್ದು ಕೇಳಿದ ನೆನಪೇ ನನಗೆ ಕಡಿಮೆ.

ನಮ್ಮ ಕಡೆ ಮನೆಯೆದುರು ಅಂಗಳ ಬಿಡುತ್ತಾರೆ, ಇಲ್ಲವೇ ಈಗಿನವರು ಇಂಟರ್‌ಲಾಕ್ ಕಲ್ಲು ಹಾಸುತ್ತಾರೆ. ಲಾನ್ ಏನಿದ್ದರೂ ಮುರ್ಡೇಶ್ವರದ ಹೋಟೆಲುಗಳಿಗೆ, ಓಂ ಬೀಚ್ ದಾರಿಯ ರೆಸಾರ್ಟುಗಳಿಗೆ. ಹಾಗಾಗಿ ಮ್ಯಾನೇಜರ್ರು ಕೆಂಪು ಮಣ್ಣು ತರಿಸಿ ಮನೆಯೆದುರು ಹುಲ್ಲು ನೆಡುತ್ತಾರಂತೆ ಎಂಬ ಸುದ್ದಿಗೆ ಓಣಿ ನಕ್ಕಿತ್ತು. ಒಂದು ಮಳೆಗಾಲಕ್ಕೆ ಕೊಳೆತು ಹೋಗುತ್ತದೆ ಎಂದವರೇ ಹೆಚ್ಚು. ಅವರು ಯಾರಿಗೂ ಎದುರಾಡಲಿಲ್ಲ. ನೆಲವನ್ನು ರಸ್ತೆಯ ಚರಂಡಿಯ ಕಡೆಗೆ ಸ್ವಲ್ಪ ಇಳಿಜಾರು ಮಾಡಿಸಿದರು. ಅಡಿಯಲ್ಲಿ ಉದ್ದಕ್ಕೂ ಸಣ್ಣ ತೂತಿನ ಪೈಪುಗಳನ್ನು ಮಲಗಿಸಿ, ತೂತಿಗೆ ಮಣ್ಣು ಸೇರದ ಹಾಗೆ ತೆಂಗಿನ ನಾರು ಸುತ್ತಿದರು. ಮಳೆಯ ನೀರು ಆ ಪೈಪುಗಳಿಗೆ ಇಳಿದು ಚರಂಡಿಗೆ ಹೋಗಬೇಕು ಎಂಬ ಲೆಕ್ಕ. ಅದರ ಮೇಲೆ ಮರಳು, ಕೆಂಪು ಮಣ್ಣು, ಹಳೆಯ ಗೊಬ್ಬರ. ಆಮೇಲೆ ಅಗಲ ಎಲೆಯ ಹುಲ್ಲಿನ ಬಳ್ಳಿಗಳನ್ನು ಒಂದೊಂದಾಗಿ ನೆಟ್ಟರು. ಅದನ್ನೆಲ್ಲ ನಾನು ನಮ್ಮ ಗೋಡೆಯ ಈಚೆಯಿಂದ ನೋಡುತ್ತ ನಿಂತಿದ್ದೆ.

“ಇಲ್ಲಿ ಹುಲ್ಲು ಬಿಸಿಲಿಗೆ ಸಾಯೂದಲ್ಲ ತಂಗಿ, ಕಾಲು ನೆನೆದು ಸಾಯ್ತದೆ,” ಎಂದು ಅವರು ಅವತ್ತು ಹೇಳಿದ್ದು ನೆನಪಿದೆ.

ಆ ಮಳೆಗಾಲ ಹುಲ್ಲು ಕೊಳೆಯಲಿಲ್ಲ. ಗಣೇಶ ಚೌತಿಯ ಹೊತ್ತಿಗೆ ಅದು ಗೇಟಿನಿಂದ ಮೆಟ್ಟಿಲವರೆಗೆ ಹರಡಿತ್ತು. ನಕ್ಕವರೇ ತಮ್ಮ ನೆಂಟರನ್ನು ಕರೆದುಕೊಂಡು ಬಂದು ತೋರಿಸಿದರು.

ನನಗೂ ಆಸೆ ಹುಟ್ಟಿತು. ನನ್ನ ಗಂಡನಿಗೆ ಕಾರವಾರದಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಇಬ್ಬರೇ. ಕುಮಟೆಯಿಂದ ಬಸ್ಸಿನಲ್ಲಿ ಬೆವರಿಳಿಸಿಕೊಂಡು ಬಂದು ಇಳಿದರೆ ಎದುರಿಗೆ ಕಾಣುವುದು ಪಕ್ಕದ ಮನೆಯ ಹಸಿರು. ಒಂದು ಆದಿತ್ಯವಾರ ಅಣ್ಣನೇ ನಮ್ಮ ಅಂಗಳದ ಅಳತೆ ನೋಡಿ, ನೀನೂ ಒಂದು ಚಾಪೆಯಷ್ಟು ಹಾಕಿ ನೋಡು ಎಂದರು. ತಮ್ಮ ಲಾನಿನ ಅಂಚಿನಿಂದ ಬಳ್ಳಿ ಕಿತ್ತು ಕೊಟ್ಟರು. ಅಲ್ಲಿಂದ ನಾನು ಅವರ ಶಿಷ್ಯೆ.

ಅವರಿಂದ ಕಲಿತದ್ದು ಬಹಳ. ಮಳೆಗಾಲದಲ್ಲಿ ಒದ್ದೆ ಹುಲ್ಲು ಕತ್ತರಿಸಬಾರದು, ಅದರ ಮೇಲೆ ಓಡಾಡಲೂಬಾರದು. ಮಳೆ ಬಿಟ್ಟು ಹೊಳವಾದ ದಿನ ನೋಡಿ, ತುದಿ ಮಾತ್ರ ತೆಗೆಯಬೇಕು. ನಡುವೆ ಎಲ್ಲಾದರೂ ದುಂಡಗೆ ಕಂದು ಕಲೆ ಬಂದರೆ ಅದು ಬೂಷ್ಟಿನ ರೋಗ. ಅಂಥ ಹೊತ್ತಿನಲ್ಲಿ ಯೂರಿಯಾ ಎರಚಿದರೆ ರೋಗಕ್ಕೇ ಊಟ ಹಾಕಿದಂತೆ. ಒಣಗಿದ್ದನ್ನು ಬಾಚಿ ತೆಗೆದು ಮರಳು ಉದುರಿಸಬೇಕು, ಗಾಳಿಯಾಡಲು ಬಿಡಬೇಕು. ಮಳೆ ಹಿಂದಾದಾಗ ಏಳುವ ಜೇಕಿನ ಕಳೆಯನ್ನು ಮೇಲಿಂದ ಕಿತ್ತರೆ ಪ್ರಯೋಜನವಿಲ್ಲ, ಗಡ್ಡೆ ಸಮೇತ ಅಗೆಯಬೇಕು. ಸಂಜೆ ನೀರು ಹಾಕಲೇಬಾರದು. ನಮ್ಮ ಈ ಜಿಗುಟು ಹವೆಯಲ್ಲಿ ಸಂಜೆ ನೀರು ಹಾಕುವುದೆಂದರೆ ಮಗುವನ್ನು ಒದ್ದೆ ಬಟ್ಟೆಯಲ್ಲಿ ಮಲಗಿಸಿದಂತೆ ಎನ್ನುತ್ತಿದ್ದರು. ಬೆಳಿಗ್ಗೆ ಬರಿಗಾಲಲ್ಲಿ ಲಾನಿನ ಮೇಲೆ ಮೆಲ್ಲಗೆ ಒಂದು ಸುತ್ತು ಹಾಕುತ್ತಿದ್ದರು. ಎಲ್ಲಿ ನೆಲ ಗಟ್ಟಿಯಾಗಿದೆ, ಎಲ್ಲಿ ನೀರು ನಿಂತಿದೆ ಎಂಬುದು ಅವರ ಅಂಗಾಲಿಗೆ ತಿಳಿಯುತ್ತಿತ್ತು. ನಿಂತಲ್ಲೇ ಬಗ್ಗಿ ಒಂದೆಲೆ ಕಿತ್ತು, ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿಯುವುದು ಅವರ ಅಭ್ಯಾಸ.

ಬೇಸಿಗೆಯ ಪಾಠ ಬೇರೆ. ಹುಲ್ಲನ್ನು ಉದ್ದ ಬಿಡಬೇಕು, ಆಗ ಅದು ತನ್ನ ಬೇರಿಗೆ ತಾನೇ ನೆರಳು ಕೊಟ್ಟುಕೊಳ್ಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿದರೆ ಬೇರು ಮೇಲೇ ಕೂತು ಸೋಮಾರಿಯಾಗುತ್ತದೆ. ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವ ಹಾಗೆ ಕೊಟ್ಟರೆ ಬೇರು ತಾನೇ ಕೆಳಗೆ ಹುಡುಕಿಕೊಂಡು ಹೋಗುತ್ತದೆ. ಹೀಗೆ ಕೆಲವು ವರ್ಷ ಪಳಗಿಸಿದ ಹುಲ್ಲಿಗೆ ಆಮೇಲೆ ನೀರೇ ಬೇಡವಂತೆ. ನನ್ನದು ನೀರು ಕೇಳದ ಹುಲ್ಲು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಹೇಳಿದ್ದಕ್ಕಿಂತ ಹೆಚ್ಚು ಸಲ ನಾನು ಹೇಳಿದ್ದೇನೆ. ಸ್ಟಾಫ್‌ರೂಮಿನಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ, ಎಲ್ಲ ಕಡೆ.

ಅವರು ಬರಿ ಹುಲ್ಲಿನ ಮನುಷ್ಯರಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ದಿನ ನಾನು ಶಾಲೆಯಲ್ಲಿದ್ದೆ. ಕೂಗು ಕೇಳಿ ಗೋಡೆ ಹತ್ತಿ ಇಳಿದು ಬಂದವರು ಅವರೇ. ಅತ್ತೆಯನ್ನು ಎತ್ತಿಕೊಂಡು ರಿಕ್ಷಾದಲ್ಲಿ ಕೂತು, ಆಸ್ಪತ್ರೆಯಲ್ಲಿ ಸೇರಿಸಿ, ನಾನು ಬಂದು ಮುಟ್ಟುವವರೆಗೂ ಅವರ ಕೈ ಹಿಡಿದುಕೊಂಡೇ ಕೂತಿದ್ದರು. ಅತ್ತೆ ಆಮೇಲೆ ಹಾಸಿಗೆ ಹಿಡಿದರು. ನಾನು ಶಾಲೆಗೆ ಹೋದಾಗ ಅತ್ತಿಗೆ ಬಂದು ಅವರಿಗೆ ಗಂಜಿ ಕುಡಿಸುತ್ತಿದ್ದರು. ನನ್ನ ಸ್ವಂತ ಅಣ್ಣಂದಿರು ಇಷ್ಟು ಮಾಡಿಲ್ಲ ಎಂದು ನಾನು ಗಂಡನ ಹತ್ತಿರ ಎಷ್ಟೋ ಸಲ ಹೇಳಿದ್ದುಂಟು.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆ ಬಹಳ ಕೆಟ್ಟದಾಗಿ ಬಂತು. ಏಪ್ರಿಲಿನಲ್ಲಿ ಬರಬೇಕಾದ ಮಳೆ ಬರಲಿಲ್ಲ, ಮೇ ತಿಂಗಳೂ ಒಣಗಿಯೇ ಹೋಗುತ್ತಿತ್ತು. ಓಣಿಯ ಮನೆಗಳ ಬಾವಿಗಳೆಲ್ಲ ಒಂದೊಂದಾಗಿ ಉಪ್ಪಾದವು. ಹೊಳೆಯ ಉಪ್ಪುನೀರು ಅಡಿಯಿಂದ ಒತ್ತಿ ಬರುವ ಜಾಗ ಇದು, ಸಿಹಿನೀರು ಹೆಚ್ಚು ಎಳೆದಷ್ಟೂ ಉಪ್ಪು ಮೇಲೇರುತ್ತದೆ. ಉಳಿದದ್ದು ಒಂದೇ ಬಾವಿ. ನಮ್ಮ ಹಿತ್ತಿಲಿಗೆ ತಾಗಿದ ಹಳೆಯ ಬಾವಿ, ಅದು ಓಣಿಗೆಲ್ಲ ಸೇರಿದ್ದು.

ಅಣ್ಣ ತಮ್ಮ ಜಗಲಿಯಲ್ಲಿ ಎಲ್ಲರನ್ನೂ ಕರೆದು ಕೂರಿಸಿದರು. ಈ ಬಾವಿಯೂ ಕೆಟ್ಟರೆ ಕುಡಿಯಲೂ ನೀರಿಲ್ಲ ಎಂದು ವಿವರಿಸಿದರು. ಬೆಳಿಗ್ಗೆ ಒಮ್ಮೆ ಮಾತ್ರ ಪಂಪು ಹಾಕಿ, ಓಣಿಯ ಮೂಲೆಯಲ್ಲಿ ಒಂದು ಟ್ಯಾಂಕಿ ಇಟ್ಟು ಅದನ್ನು ತುಂಬಿಸುವುದು, ಅದು ತುಂಬಿದ ಕೂಡಲೇ ಪಂಪು ನಿಲ್ಲಿಸುವುದು, ಎಲ್ಲರೂ ಅಲ್ಲಿಂದಲೇ ಕೊಡದಲ್ಲಿ ಒಯ್ಯುವುದು, ಹೂವಿಗೆ ಗಿಡಕ್ಕೆ ಒಂದು ಹನಿಯೂ ಇಲ್ಲ. ಈ ಕಟ್ಟಳೆ ಮಾಡಿದವರು ಅವರು. ಎದುರು ಮನೆಯ ಸಾವಿತ್ರಕ್ಕ ಹರಿವೆ ಬೆಳೆದು ಪೇಟೆಯಲ್ಲಿ ಮಾರಿ ಬದುಕುವವಳು, ಅವಳ ಮಡಿಗಳಿಗೆ ಮಾತ್ರ ಕೆಲವು ಕೊಡ ಬಿಡೋಣ ಎಂದು ಒಪ್ಪಿಸಿದವರೂ ಅವರೇ. ಪೈಪು ಹಾಕಿಸುವ ಜವಾಬ್ದಾರಿಯನ್ನು ತಾವೇ ಹೊತ್ತರು. ಐಸ್ ಫ್ಯಾಕ್ಟರಿಯಲ್ಲಿದ್ದವರಿಗೆ ಪಂಪು, ಪೈಪು ಎಂದರೆ ಕೈಯಳತೆಯ ಕೆಲಸ. ಪಂಪಿನ ಸ್ವಿಚ್ ನಮ್ಮ ಹಿತ್ತಿಲಲ್ಲೇ ಇದ್ದುದರಿಂದ ಹಾಕಿ ತೆಗೆಯುವ ಕೆಲಸ ನನಗೆ ಬಂತು. ತಮ್ಮ ಲಾನಿನ ರಬ್ಬರ್ ಪೈಪನ್ನು ಸುರುಳಿ ಸುತ್ತಿ ತಂದು, ಕೊಡ ತುಂಬಲು ಅನುಕೂಲವಾಗಲಿ ಎಂದು ಟ್ಯಾಂಕಿಗೇ ಸಿಕ್ಕಿಸಿಕೊಟ್ಟರು. ಅದನ್ನು ಕಂಡು ನನ್ನ ಮನಸ್ಸು ತುಂಬಿ ಬಂದಿತ್ತು.

ನನ್ನ ಹುಲ್ಲು ಬೇಗನೆ ಹಳದಿಯಾಯಿತು. ಆಮೇಲೆ ನಡೆದರೆ ಕಾಲಡಿ ಚುರುಗುಟ್ಟುವಷ್ಟು ಒಣಗಿತು. ಅಣ್ಣ ಬಂದು ಕೂತು, ಬುಡ ಕಿತ್ತು ನೋಡಿ, ಬೇರು ಆಳಕ್ಕೆ ಇಳಿದಿಲ್ಲ, ನೀನು ಮೊದಲಿನಿಂದ ಮೇಲೆ ಮೇಲೆ ನೀರು ಹಾಕಿ ಕೆಡಿಸಿದ್ದೀ ಎಂದರು. ನಾನು ಒಪ್ಪಿಕೊಂಡೆ. ಅವರ ಲಾನ್ ಹಾಗೆಯೇ ಇತ್ತು. ಮಿರಿಮಿರಿ ಹಸಿರಲ್ಲ, ಸ್ವಲ್ಪ ಮಾಸಿದ ಬಣ್ಣ. ಗೇಟಿನ ಪಕ್ಕದ ಒಂದು ಮೂಲೆ ಒಣಗಿಯೂ ಇತ್ತು. ಉಳಿದದ್ದು ಬದುಕಿತ್ತು. ಪಳಗಿಸಿದ ಹುಲ್ಲು ಎಂದರೆ ಇದು ಎಂದು ನಾನು ಎಲ್ಲರಿಗೂ ತೋರಿಸಿದೆ.

ಟ್ಯಾಂಕಿ ತುಂಬಲು ಬರಬರುತ್ತ ಹೆಚ್ಚು ಹೊತ್ತು ಹಿಡಿಯತೊಡಗಿತು. ನಾನು ಶಾಲೆಗೆ ಹೊರಡುವ ಹೊತ್ತಾದರೂ ಪಂಪು ಓಡುತ್ತಲೇ ಇರುತ್ತಿತ್ತು. ಅಣ್ಣನನ್ನು ಕೇಳಿದರೆ, ಪಂಪು ಹಳೆಯದಲ್ಲವೇ, ಎಳೆಯುವ ಶಕ್ತಿ ಕುಂದಿದೆ, ಸ್ವಲ್ಪ ಹೊತ್ತು ಹೆಚ್ಚೇ ಓಡಿಸು ಎಂದರು. ಹಾಗೇ ಮಾಡಿದೆ. ನಮ್ಮ ಹಿತ್ತಿಲಿನಿಂದ ಪಂಪಿನ ಸದ್ದು ಓಣಿಗೆಲ್ಲ ಕೇಳಿಸುತ್ತಿತ್ತು. ನಮ್ಮ ಮನೆಯ ಮೇಲೆ ಒಂದು ಟ್ಯಾಂಕಿ ಇರುವುದೂ ಎಲ್ಲರಿಗೂ ಕಾಣುತ್ತಿತ್ತು. ಯಾರ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮೇ ನಡುವಿನಲ್ಲಿ ಆ ಬಾವಿಯ ನೀರೂ ಉಪ್ಪಾಯಿತು. ಮೊದಲು ಚಾದಲ್ಲಿ ತಿಳಿಯಿತು. ಆಮೇಲೆ ಸಾವಿತ್ರಕ್ಕನ ಹರಿವೆಯ ಎಲೆಗಳ ಅಂಚು ಸುಟ್ಟಂತಾಗಿ, ಮಡಿಗೆ ಮಡಿಯೇ ಮಲಗಿತು. ಅಣ್ಣನ ಜಗಲಿಯಲ್ಲಿ ಮತ್ತೆ ಎಲ್ಲರೂ ಸೇರಿದೆವು. ಸಾವಿತ್ರಕ್ಕ ಬಾಡಿದ ಹರಿವೆಯ ಕಟ್ಟೊಂದನ್ನು ತಂದು ನನ್ನ ಕಾಲ ಬಳಿ ಇಟ್ಟಳು.

“ಅಕ್ಕೋರೆ, ನಿಮ್ಮ ಪಂಪು ಹೊತ್ತೇರಿದ್ರೂ ನಿಲ್ಲೂದಿಲ್ಲ. ಟ್ಯಾಂಕಿ ಆ ಒಂದೇ. ಉಳಿದ ನೀರು ಎಲ್ಲಿಗೆ ಹೋಗ್ತದೆ?”

ಪಂಪಿಗೆ ಶಕ್ತಿಯಿಲ್ಲ, ಅಣ್ಣನೇ ಹೇಳಿದ್ದಾರೆ ಎಂದೆ. ಎಲ್ಲರೂ ಅವರ ಮುಖ ನೋಡಿದರು. ಅವರು ಹೆಗಲ ಪಂಚೆ ತೆಗೆದು ಮುಖ ಒರೆಸಿಕೊಂಡರು. ಹೌದು, ನಾನು ಹೇಳಿದ್ದೆ ಎನ್ನುತ್ತಾರೆಂದು ಕಾದೆ.

“ಸಾಕು ಸಾವಿತ್ರಿ,” ಎಂದರು. “ಅವಳ ಮನೇಲಿ ಹಾಸಿಗೆ ಹಿಡಿದವರು ಇದ್ದಾರೆ. ಅಂಥವರಿಗೆ ತೊಳಿಯೂಕೆ ಬಳಿಯೂಕೆ ನೀರು ಬೇಕಾಗ್ತದೆ. ನಾಲ್ಕು ಕೊಡ ಹೆಚ್ಚು ತಕೊಂಡ್ರೂ ತಕೊಂಡಿರ್ಲಿ. ಬಿಟ್ಬಿಡುವ.”

ನಾನು ತೆಗೆದುಕೊಂಡಿಲ್ಲ ಎಂದು ಎದ್ದು ನಿಂತೆ. ಅವರು ಕೈಯೆತ್ತಿ ಕೂರುವಂತೆ ಸನ್ನೆ ಮಾಡಿದರು. “ಇರ್ಲಿ ತಂಗಿ. ಯಾರೂ ನಿನ್ನ ಕಳ್ಳಿ ಅನ್ನೂದಿಲ್ಲ.”

ಅಲ್ಲಿಯವರೆಗೆ ಆ ಮಾತನ್ನು ಯಾರೂ ಆಡಿರಲಿಲ್ಲ.

ಓಣಿ ಅವತ್ತಿನಿಂದ ಬದಲಾಯಿತು. ಜಗಳವೇನೂ ಆಗಲಿಲ್ಲ. ಮ್ಯಾನೇಜರ್ರು ಬಿಟ್ಟುಬಿಡುವ ಎಂದ ಮೇಲೆ ಬಿಟ್ಟರು. ನಾನು ಟ್ಯಾಂಕಿಯ ಬಳಿ ಹೋದರೆ ಮಾತು ನಿಲ್ಲುತ್ತಿತ್ತು. ಅತ್ತೆಯನ್ನು ನೋಡಲು ಬರುತ್ತಿದ್ದ ಹೆಂಗಸರು ಬರುವುದು ಕಡಿಮೆ ಮಾಡಿದರು. ಮಲಗಿದಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ, ನನಗೆ ಸ್ನಾನ ಮಾಡಿಸುವುದು ಕಡಿಮೆ ಮಾಡು ಮಗಾ ಎಂದರು. ಅದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

ಹೇಗಾದರೂ ಪಂಪು ಕೆಟ್ಟಿದೆ ಎಂದು ತೋರಿಸಬೇಕಿತ್ತು. ಅಣ್ಣ ಮತ್ತು ಅತ್ತಿಗೆ ತಮ್ಮ ಮಗಳ ಮನೆಗೆಂದು ಭಟ್ಕಳಕ್ಕೆ ಹೋಗಿದ್ದಾಗ ನಾನು ಒಬ್ಬ ಪ್ಲಂಬರ್‌ನನ್ನು ಕರೆಸಿದೆ. ಅವನು ಪಂಪು ಬಿಚ್ಚಿ ನೋಡಿ ಮತ್ತೆ ಜೋಡಿಸಿ, ಪಂಪಿಗೆ ಎಂತದೂ ಆಗಲಿಲ್ಲ ಎಂದ. ಹಾಗಾದರೆ ಎಲ್ಲೋ ಪೈಪು ಸೋರುತ್ತಿರಬೇಕು ಎಂದು ಅದರ ಉದ್ದಕ್ಕೂ ಅಗೆಯುತ್ತ ಹೋದ. ನಮ್ಮ ಮತ್ತು ಅಣ್ಣನ ಮನೆಯ ನಡುವಿನ ಗೋಡೆಯ ಬುಡದಲ್ಲಿ ನಿಂತು ನನ್ನನ್ನು ಕರೆದ. ಅಲ್ಲಿ ಪೈಪಿಗೆ ಒಂದು ಕವಲು ಇತ್ತು. ಅದು ಗೋಡೆಯಡಿಯಿಂದ ಆಚೆ ಹೋಗಿತ್ತು.

ಅವನು ಗೋಡೆ ದಾಟಿ ಹೋಗಿ ಒಂದು ಚಿರೆಕಲ್ಲು ಸರಿಸಿದ. ಅಡಿಯಲ್ಲಿ ವಾಲ್ವ್ ಇತ್ತು. ಅಲ್ಲಿಂದ ಕವಲು ನೇರ ಹೋಗಿ ಲಾನಿನಡಿಯ ಆ ತೂತಿನ ಪೈಪುಗಳಿಗೆ ಸೇರಿತ್ತು. ಮಳೆಗಾಲದಲ್ಲಿ ನೀರು ಹೊರಗೆ ಹೋಗಲು ಹಾಕಿದ ಪೈಪುಗಳು. ಚರಂಡಿಯ ಕಡೆಯ ಬಾಯಿಗೆ ಬಿರಡೆ ಹಾಕಿದ್ದರು. ನಾನು ದಿನಾ ಬೆಳಿಗ್ಗೆ ಸ್ವಿಚ್ ಹಾಕಿದಾಗಲೆಲ್ಲ ಓಣಿಯ ನೀರಿನ ಒಂದು ಪಾಲು ಯಾರಿಗೂ ಕಾಣದೆ, ನೆಲದಡಿಯಿಂದಲೇ, ಆ ಹುಲ್ಲಿನ ಬೇರಿಗೆ ಹೋಗುತ್ತಿತ್ತು. ಗೇಟಿನ ಪಕ್ಕದ ಮೂಲೆ ಏಕೆ ಒಣಗಿತ್ತು ಎಂದೂ ಗೊತ್ತಾಯಿತು. ಅಲ್ಲಿಗೆ ಹೋಗುವ ಪೈಪಿನ ಬಾಯನ್ನು ಬೇಕೆಂದೇ ಮುಚ್ಚಿದ್ದರು. ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗ ಅದು.

ಪ್ಲಂಬರ್ ಮಣ್ಣು ಮುಚ್ಚಿ ಹೋದ. ನಾನು ಯಾರಿಗೂ ಹೇಳಲಿಲ್ಲ. ಅಣ್ಣನ ಬಾಯಿಂದ ಕೇಳದೆ ಅದನ್ನು ನಂಬಲು ನನ್ನಿಂದ ಆಗಲಿಲ್ಲ.

ಅವರು ಬಂದ ಸಂಜೆ ಹೋದೆ. ಜಗಲಿಯಲ್ಲಿ ಕೂತಿದ್ದರು, ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಕುರ್ಚಿ ಎಳೆದರು, ನಾನು ಕೂರಲಿಲ್ಲ. ಗೋಡೆಯ ಬುಡದಲ್ಲಿ ಕಂಡದ್ದನ್ನು ಹೇಳಿದೆ. ಅತ್ತಿಗೆ ಒಳಗೆ ಹೋದರು. ಅಣ್ಣ ಎದ್ದು, ಚಪ್ಪಲಿ ಬಿಟ್ಟು, ಲಾನಿನ ಮೇಲೆ ಎರಡು ಹೆಜ್ಜೆ ನಡೆದು ನಿಂತರು. ಅಲ್ಲಗಳೆಯಲಿಲ್ಲ.

“ಮೊದಲಿನ ವರ್ಷ ಸುಮ್ನೆ ಹೇಳಿದ್ದೆ, ನೀರು ಕೇಳೂದಿಲ್ಲ ಅಂತ. ಆಗ ನನ್ನ ಸ್ವಂತ ಬಾವೀಲಿ ನೀರಿತ್ತು, ಯಾರೂ ಏಳೂದ್ರೊಳಗೆ ಬಿಡ್ತಿದ್ದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ನೀನು ಅದನ್ನ ಊರೆಲ್ಲ ಹೇಳ್ದೆ ತಂಗಿ. ಕುಮಟೆಯಿಂದ ಜನ ನೋಡೂಕೆ ಬಂದ್ರು. ಮತ್ತೆ ಹೆಂಗೆ ಒಣಗೂಕೆ ಬಿಡ್ಲಿ?”

ತಪ್ಪು ನನ್ನ ಕಡೆಗೇ ತಿರುಗಿ ಬಂದು ನಿಂತಿತ್ತು. ಅವರು ಸಿಟ್ಟಿನಿಂದ ಹೇಳಿರಲಿಲ್ಲ, ನೋವಿನಿಂದಲೇ ಹೇಳಿದ್ದರು. ಅವತ್ತು ಅದೇ ಜಗಲಿಯಲ್ಲಿ ನನ್ನ ಮೇಲೆ ಮಾತು ಬಂದಾಗ ಏಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಸುಮ್ಮನಿರಲಿಲ್ಲವಲ್ಲ, ನಿನ್ನ ಪರವಾಗಿಯೇ ಮಾತಾಡಿದೆ ಎಂದರು. ನಿಜವಾಗಿ ಹಾಗೇ ನಂಬಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇದನ್ನು ಎಲ್ಲರೆದುರು ನೀವೇ ಹೇಳಬೇಕು ಎಂದೆ. “ಹೇಳ್ತೆ. ಮಳೆ ಹಿಡೀಲಿ, ಜನರ ಮನಸ್ಸು ತಣ್ಣಗಾಗ್ಲಿ, ಕೂರಿಸಿ ನಾನೇ ಹೇಳ್ತೆ,” ಎಂದರು. ಅಷ್ಟು ಸಿಟ್ಟಿನಲ್ಲೂ ನಾನು ಆ ಮಾತು ನಂಬಿದೆ. ಅವರು ಆಡಿದ ಮಾತಿಗೆ ಆ ಓಣಿಯಲ್ಲಿ ಅಂಥ ತೂಕವಿತ್ತು.

ಮಳೆ ಹಿಡಿಯಿತು. ಬಾವಿಗಳು ಸಿಹಿಯಾದವು. ಚೌತಿ ಮುಗಿಯಲಿ ಎಂದರು. ಚೌತಿಯೂ ಮುಗಿಯಿತು. ಒಂದು ಬೆಳಿಗ್ಗೆ ನಮ್ಮ ಗೇಟಿನ ಒಳಗೆ ಒಂದು ಬುಟ್ಟಿ ಇತ್ತು, ಮೇಲೆ ಒದ್ದೆ ಗೋಣಿ ಹೊದೆಸಿತ್ತು. ಸರಿಸಿ ನೋಡಿದರೆ ಅಡಿಯ ಮಣ್ಣಿನ ಸಮೇತ ಕೊಯ್ದ ಹುಲ್ಲಿನ ತುಂಡುಗಳು. ನನ್ನ ಒಣಗಿದ ಚಾಪೆಯಷ್ಟು ಜಾಗಕ್ಕೆ ಸಾಕಾಗುವಷ್ಟು. ಗೋಡೆಯಾಚೆ ಅವರು ಬಗ್ಗಿ ಜೇಕು ಅಗೆಯುತ್ತಿದ್ದರು, ತಲೆಯೆತ್ತಲಿಲ್ಲ. ನಾನು ಅದನ್ನು ನೆಡಲಿಲ್ಲ. ಬುಟ್ಟಿಯಲ್ಲೇ ಹಳದಿಯಾಗಿ ವಾಸನೆ ಹಿಡಿದ ಮೇಲೆ ಹಿತ್ತಿಲ ಗೊಬ್ಬರ ಗುಂಡಿಗೆ ಸುರಿದೆ.

ಇನ್ನು ಅವರು ಹೇಳುವುದಿಲ್ಲ ಎಂದು ಅವತ್ತು ತಿಳಿಯಿತು. ಸಾವಿತ್ರಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಕೈಕೆಲಸ ಬಿಟ್ಟು ಕೇಳಿದಳು. ಬಾ, ತೋರಿಸುತ್ತೇನೆ ಎಂದು ಕರೆತಂದು, ಗೋಡೆಯ ಬುಡ ನಾನೇ ಅಗೆದೆ. ಕವಲು ಇರಲಿಲ್ಲ. ಹೊಸ ನೀಲಿ ಪೈಪೊಂದು ನೇರವಾಗಿ ಟ್ಯಾಂಕಿಯ ಕಡೆಗೆ ಹೋಗಿತ್ತು. ನಾನು ಕುಮಟೆಯಲ್ಲಿದ್ದ ಒಂದು ದಿನ ಮ್ಯಾನೇಜರ್ರು ಆಳು ಕರೆಸಿ ಲೈನು ಬದಲಾಯಿಸಿಕೊಟ್ಟರು, ನನಗೆ ತೊಂದರೆಯಾಗಬಾರದೆಂದು ತಾವೇ ನಿಂತು ಮಾಡಿಸಿದರು ಎಂದು ಸಾವಿತ್ರಕ್ಕನೇ ಹೇಳಿದಳು. ಪ್ಲಂಬರ್‌ಗೆ ಫೋನ್ ಮಾಡಿದರೆ ಅವನ ಹೆಂಡತಿ ಎತ್ತಿದಳು. ಅವನು ಮಸ್ಕತ್‌ಗೆ ಹೋಗಿಯಾಗಿತ್ತು.

“ಅವತ್ತು ನಿಮ್ಮ ಪರವಾಗಿ ನಿಂತವರು ಅವರೊಬ್ಬರೇ ಅಕ್ಕೋರೆ,” ಎಂದಳು ಸಾವಿತ್ರಕ್ಕ. “ಅವರ ಮೇಲೇ ತಪ್ಪು ಹಾಕ್ತ್ರಲ್ಲ ನೀವು.”

ಹಾರೆ ಹಿಡಿದು ಆ ಗುಂಡಿಯಲ್ಲೇ ನಿಂತಿದ್ದೆ. ಮೊದಲು ನೀರು ಕದ್ದವಳಾಗಿದ್ದೆ, ಈಗ ಉಪಕಾರ ಮರೆತವಳೂ ಆದೆ. ನನ್ನ ಗಂಡ ಮಾತ್ರ ನಂಬಿದರು. ಅವರೂ, ಇನ್ನು ಬಿಟ್ಟುಬಿಡು, ಪಕ್ಕದ ಮನೆಯವರು, ನಾಳೆ ಅಮ್ಮನಿಗೆ ಏನಾದರೂ ಆದರೆ ಓಡಿ ಬರುವವರು ಅವರೇ ಎಂದರು.

ಹಾಗೇ ಆಯಿತು. ಮ್ಯಾನೇಜರ್ರು ಬದಲಾಗಲಿಲ್ಲ. ನಾನು ಗೇಟು ದಾಟುವಾಗ ತಂಗಿ, ಬಸ್ಸು ಸಿಕ್ತಾ ಎಂದು ಮೊದಲಿನ ಹಾಗೇ ಕೇಳುತ್ತಿದ್ದರು. ಮೊದಮೊದಲು ತಿರುಗಿ ನೋಡದೆ ಹೋದೆ, ಆಮೇಲಾಮೇಲೆ ಹೂಂ ಎಂದೆ. ಅತ್ತೆ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಅವರನ್ನು ಪೂರಾ ದ್ವೇಷಿಸಲು ಸಹ ಅವರು ಬಿಡಲಿಲ್ಲ. ಅಣ್ಣ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಿದ್ದೆ. ಅದು ಅವರ ಗಮನಕ್ಕೆ ಬಂದಿರಬೇಕು.

ಕಳೆದ ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಮ್ಯಾನೇಜರ್ರು ಏಳಲಿಲ್ಲ. ಸಭೆಯಲ್ಲಿ ನಾನು ಒಂದೇ ಮಾತಾಡಿ ಕೂತದ್ದು ಆಗಲೇ.

ಈ ಬೇಸಿಗೆ ನೀರಿಗೆ ಅಂಥ ಬರವಿರಲಿಲ್ಲ. ಅತ್ತಿಗೆ ಲಾನಿಗೆ ಕೈ ಹಚ್ಚಲಿಲ್ಲ. ಹುಲ್ಲು ಹೊಡೆಯುವ ಯಂತ್ರ ಜಗಲಿಯ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿತ್ತು. ಮಾರ್ಚಿನಲ್ಲಿ ಹುಲ್ಲು ಮಾಸಿತು, ಏಪ್ರಿಲಿನಲ್ಲಿ ಗೇಟಿನಿಂದ ಮೆಟ್ಟಿಲವರೆಗೆ ಕಂದಾಯಿತು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಷ್ಟು ವರ್ಷ ಅದನ್ನು ನೋಡುತ್ತ ಬದುಕಿದವಳು ನಾನು. ಒಂದು ಬೆಳಿಗ್ಗೆ ನಮ್ಮ ನಲ್ಲಿಯ ಪೈಪು ಎಳೆದು ಗೋಡೆಯ ಮೇಲಿಂದ ಆಚೆಗೆ ಹಿಡಿದೆ. ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು. ಸಾವಿತ್ರಕ್ಕ ಹರಿವೆಯ ಬುಟ್ಟಿ ಹೊತ್ತು ಪೇಟೆಗೆ ಹೊರಟವಳು, ಇದೆಂತ ಹೀಗೆ ಒಣಗಿತು ಎಂದು ಗೇಟಿನ ಬಳಿ ನಿಂತಳು.

“ಬ್ಯಾಡ, ಬಿಡು,” ಎಂದರು ಅತ್ತಿಗೆ ನನಗೆ. “ಒಣಗ್ಲಿ. ಇದಕ್ಕೆ ಆ ಬಾವಿ ನೀರು ಕುಡಿಸಿದ್ದು ಸಾಕು.”

ಸಾವಿತ್ರಕ್ಕ ಬುಟ್ಟಿ ಇಳಿಸಿದಳು. ಯಾವ ಬಾವಿ ಎಂದು ಕೇಳಿದಳು. ಅತ್ತಿಗೆ ಅವಳ ಮುಖವನ್ನೇ ನೋಡುತ್ತ ಹೇಳಿದರು. “ನಿನ್ನ ಹರಿವೆ ಸತ್ತ ವರ್ಷ ಆ ನೀರು ಇವಳು ತಕೊಂಡದ್ದಲ್ಲ.”

ಪೈಪಿನ ನೀರು ನನ್ನ ಕಾಲ ಮೇಲೇ ಸುರಿಯುತ್ತಿತ್ತು. ಸಾವಿತ್ರಕ್ಕ ನನ್ನ ಕಡೆ ನೋಡಿ, ನೀವು ಹೇಳಿದ್ರಿ, ನಾನೇ ಕೇಳಲಿಲ್ಲ ಎಂದಳು. ಮತ್ತೆ ಹೊರಲು ಬುಟ್ಟಿಗೆ ಬಗ್ಗಿದಳು. ನಾನೇ ಗೇಟು ದಾಟಿ ಹೋಗಿ ಎತ್ತಿ ಅವಳ ತಲೆಗೆ ಇಟ್ಟೆ.

ಅವಳು ಹೋದ ಮೇಲೆ ಅತ್ತಿಗೆಯ ಎದುರು ನಿಂತೆ. ನಾನು ಪೈಪಿನ ಮಾತು ಎತ್ತಿದ ಸಂಜೆ ನೀವು ಬಾಗಿಲಲ್ಲೇ ನಿಂತಿದ್ದಿರಿ, ಒಳಗೆ ಹೋದ ಮೇಲೂ ಎಲ್ಲ ಕೇಳಿದ್ದಿರಿ, ಅತ್ತೆ ಬದುಕಿದ್ದಾಗ ಈ ಒಂದು ಮಾತು ಹೇಳಿದ್ದರೆ ಅವರಾದರೂ ನೆಮ್ಮದಿಯಿಂದ ಹೋಗುತ್ತಿದ್ದರು ಎಂದೆ.

“ಅವರು ಹೇಳ್ತ್ರು ಅಂತ ನಾನೂ ಕಾದೆ,” ಎಂದರು ಅತ್ತಿಗೆ.

ನಾನು ತಿರುಗಿ ಬಂದು ನಲ್ಲಿ ನಿಲ್ಲಿಸಿದೆ.